ಉಪ್ಪಿನ ಹನಿಯಿಂದ ಎಸ್‌ಇಎಂವರೆಗೆ: ಪದವಿ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಮೈಕ್ರೊಸ್ಕೋಪ್

(ಕಾರವಾರದಲ್ಲಿ ಪದವಿ ಕಾಲೇಜುಗಳ ರಸಾಯನಶಾಸ್ತ್ರ ಅಧ್ಯಾಪಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನಿಮ್ಮ ಕಾಲೇಜಿನಲ್ಲಿ ಮೈಕ್ರೊಸ್ಕೋಪ್ ಎಲ್ಲಿದೆ ಅಂತ ಕೇಳಿದರೆ ಹೆಚ್ಚಿನವರ ಕೈ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ವಿಭಾಗದ ಕಡೆಗೆ ತಿರುಗುತ್ತದೆ. ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಬ್ಯುರೆಟ್ ಇದೆ, ಕಲರಿಮೀಟರ್ ಇದೆ, ಮೈಕ್ರೊಸ್ಕೋಪ್ ಇಲ್ಲ. ವಿದ್ಯಾರ್ಥಿ ಮೂರು ವರ್ಷ ಪ್ರಕ್ಷೇಪಗಳನ್ನು ಸೋಸುತ್ತಾನೆ, ತೊಳೆಯುತ್ತಾನೆ, ತೂಗುತ್ತಾನೆ. ಆ ಬಿಳಿ ಪುಡಿ ಹತ್ತಿರದಿಂದ ಹೇಗಿದೆ ಎಂದು ಒಮ್ಮೆಯೂ ನೋಡದೆ ಪದವಿ ಮುಗಿಸುತ್ತಾನೆ. ಬೇರಿಯಂ ಸಲ್ಫೇಟ್ ಫಿಲ್ಟರ್ ಕಾಗದದಿಂದ ಯಾಕೆ ನುಸುಳುತ್ತದೆ, ಬಿಸಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಯಾಕೆ ನುಸುಳುವುದಿಲ್ಲ? ಪುಸ್ತಕದಲ್ಲಿ ಉತ್ತರ ಒಂದು ಸಾಲು. ಮೈಕ್ರೊಸ್ಕೋಪಿನಲ್ಲಿ ಎರಡು ಹನಿ ಪಕ್ಕಪಕ್ಕ ಇಟ್ಟರೆ ಉತ್ತರ ಕಣ್ಣಿಗೇ ಕಾಣುತ್ತದೆ: ಒಂದರಲ್ಲಿ ಹರಳಿನ ರೂಪವೇ ಸಿಗದ ನುಣುಪು ಕಣ, ಇನ್ನೊಂದರಲ್ಲಿ ದೊಡ್ಡದಾಗಿ ಬೆಳೆದ ಕಣ.

ಈ ವಿದ್ಯೆ ರಸಾಯನಶಾಸ್ತ್ರಕ್ಕೆ ಹೊರಗಿನಿಂದ ಬಂದದ್ದಲ್ಲ. 1848ರಲ್ಲಿ ಲೂಯಿ ಪಾಶ್ಚರ್ ಟಾರ್ಟ್ರೇಟ್ ಲವಣವೊಂದರ ಹರಳುಗಳನ್ನು ಎಡ, ಬಲ ಎಂದು ಕೈಯಿಂದಲೇ ಆರಿಸಿ ಬೇರೆ ಮಾಡಿದರು. ನಾವು ಇವತ್ತಿಗೂ ಬೋಧಿಸುವ ಕೈರಾಲಿಟಿ, ಅಂದರೆ ಅಣುಗಳ ಎಡಗೈ-ಬಲಗೈ ಭೇದ, ಅಲ್ಲಿಂದ ಶುರುವಾಗುತ್ತದೆ. 2014 ಮತ್ತು 2017ರ ರಸಾಯನಶಾಸ್ತ್ರದ ನೊಬೆಲ್ ಎರಡೂ ಮೈಕ್ರೊಸ್ಕೋಪಿಗೇ ಹೋದವು. ಮೊದಲನೆಯದು ಬೆಳಕಿನ ಮಿತಿಯನ್ನು ದಾಟಿದ ಫ್ಲೂರೊಸೆನ್ಸ್ ವಿಧಾನಕ್ಕೆ, ಎರಡನೆಯದು ಮಾದರಿಯನ್ನು ಹೆಪ್ಪುಗಟ್ಟಿಸಿ ನೋಡುವ ಕ್ರಯೊ ಎಲೆಕ್ಟ್ರಾನ್ ವಿಧಾನಕ್ಕೆ.

ಹಾಗೆಂದು ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿ ದೊಡ್ಡ ಸಂಸ್ಥೆಗೆ ಒಯ್ದು ಎಸ್‌ಇಎಂ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೊಸ್ಕೋಪ್) ತೋರಿಸಿ ಬಂದರೆ ಸಾಕೇ? ಸಾಲದು ಎಂಬುದೇ ನಾನು ಇಲ್ಲಿ ಹೇಳಲು ಬಂದಿರುವ ಮಾತು. ಇಪ್ಪತ್ತು ಮಕ್ಕಳು ಒಂದು ಪರದೆಯ ಸುತ್ತ ನಿಂತು ಸುಂದರ ಚಿತ್ರ ನೋಡಿದರೆ ಅದು ಪ್ರವಾಸ, ಪ್ರಯೋಗವಲ್ಲ. ಮುಂದುವರಿದ ಯಂತ್ರದ ಹತ್ತಿರ ಹೋಗುವ ವಿದ್ಯಾರ್ಥಿಯ ಕೈಯಲ್ಲಿ ಒಂದು ಪ್ರಶ್ನೆ ಇರಬೇಕು, ಅದೂ ಸಾಮಾನ್ಯ ಮೈಕ್ರೊಸ್ಕೋಪಿನಲ್ಲಿ ಬಿಡಿಸಲು ಯತ್ನಿಸಿ ಬಿಡಿಸಲಾಗದೆ ಉಳಿದ ಪ್ರಶ್ನೆ. ಆದ್ದರಿಂದ ನನ್ನ ಮಾತಿನ ಹೆಚ್ಚಿನ ಭಾಗ ನಿಮ್ಮ ಲ್ಯಾಬಿನಲ್ಲಿ ಆಗುವ ಕೆಲಸದ ಬಗ್ಗೆಯೇ ಇರುತ್ತದೆ.

ಮೊದಲು ಮಿತಿಯ ಲೆಕ್ಕ, ಅಂದರೆ ಎರಡು ಚುಕ್ಕೆಗಳು ಬೇರೆಬೇರೆಯಾಗಿ ಕಾಣಲು ಅವುಗಳ ನಡುವೆ ಇರಬೇಕಾದ ಕನಿಷ್ಠ ದೂರ. ಅರ್ನ್ಸ್ಟ್ ಅಬೆ 1873ರಲ್ಲಿ ಕೊಟ್ಟ ಸೂತ್ರ: ಬೆಳಕಿನ ತರಂಗದೂರವನ್ನು ಲೆನ್ಸಿನ ನ್ಯೂಮರಿಕಲ್ ಅಪರ್ಚರ್‌ನ (ಲೆನ್ಸ್ ಎಷ್ಟು ಅಗಲದ ಕೋನದಿಂದ ಬೆಳಕು ಹಿಡಿಯುತ್ತದೆ ಎಂಬುದರ ಅಳತೆ) ಎರಡರಷ್ಟರಿಂದ ಭಾಗಿಸಿ. ಹಸಿರು ಬೆಳಕು 550 ನ್ಯಾನೊಮೀಟರ್ ಎಂದಿಟ್ಟುಕೊಳ್ಳಿ. 10 ಪಟ್ಟಿನ ಲೆನ್ಸಿನ ಮೇಲೆ 0.25 ಎಂದು ಕೊರೆದಿರುತ್ತದೆ, ಮಿತಿ 1.1 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). 40 ಪಟ್ಟಿನದಕ್ಕೆ 0.65, ಮಿತಿ 0.42. ಎಣ್ಣೆ ಹಾಕಿ ನೋಡುವ 100 ಪಟ್ಟಿನದಕ್ಕೆ 1.25, ಮಿತಿ 0.22. ಈ ಲೆಕ್ಕವನ್ನು ಮಕ್ಕಳ ಕೈಯಿಂದಲೇ ಮಾಡಿಸಿ. ಆಮೇಲೆ 13 ನ್ಯಾನೊಮೀಟರಿನ ಚಿನ್ನದ ಕಣದ ಆಕಾರ ಈ ಮೈಕ್ರೊಸ್ಕೋಪಿನಲ್ಲಿ ಕಾಣುತ್ತದೆಯೇ ಎಂದು ಕೇಳಿ. ಐಪೀಸ್ ಬದಲಿಸಿ ವರ್ಧನೆ ಹೆಚ್ಚಿಸಿದರೆ ಮಸುಕು ದೊಡ್ಡದಾಗುತ್ತದೆಯೇ ಹೊರತು ವಿವರ ಹೆಚ್ಚುವುದಿಲ್ಲ ಎಂಬುದು ಅಲ್ಲಿಗೇ ಅರ್ಥವಾಗಬೇಕು.

ಈಗ ಸಾಮಾನ್ಯ ಮೈಕ್ರೊಸ್ಕೋಪನ್ನು ರಸಾಯನಶಾಸ್ತ್ರಕ್ಕೆ ಒಗ್ಗಿಸುವ ಕೆಲಸ. ಬೇಕಾದದ್ದು ಎರಡು ತುಂಡು ಪೋಲರಾಯ್ಡ್ ಹಾಳೆ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಒಳಬಿಡುವ ಹಾಳೆ. ಒಂದನ್ನು ಕಂಡೆನ್ಸರಿನ ಕೆಳಗೆ ಫಿಲ್ಟರ್ ಇಡುವ ಬಳೆಯಲ್ಲಿ ಕೂರಿಸಿ. ಇನ್ನೊಂದನ್ನು ದುಂಡಗೆ ಕತ್ತರಿಸಿ ಐಪೀಸಿನ ಮೇಲೆ ಇಡಿ. ಮೇಲಿನದನ್ನು ತಿರುಗಿಸುತ್ತ ಹೋದರೆ ಒಂದು ಕಡೆ ಬಯಲು (ಐಪೀಸಿನಲ್ಲಿ ಕಾಣುವ ವೃತ್ತ) ಪೂರ್ತಿ ಕಪ್ಪಾಗುತ್ತದೆ, ಆ ಸ್ಥಾನಕ್ಕೆ ಗುರುತು ಹಾಕಿ; ಪೋಲರಾಯ್ಡ್ ಅಡ್ಡವಾಗಿದೆ ಎನ್ನುವುದು ಇದನ್ನೇ. ಇಲ್ಲಿ ಎರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ಕ್ಯಾಮೆರಾ ಅಂಗಡಿಯ ಸರ್ಕ್ಯುಲರ್ ಫಿಲ್ಟರ್, ಸಿನಿಮಾದ ತ್ರೀಡಿ ಕನ್ನಡಕ ಇವುಗಳಲ್ಲಿ ಪೋಲರೈಸರಿಗೆ ಇನ್ನೊಂದು ಪದರ ಅಂಟಿರುತ್ತದೆ. ತಪ್ಪು ಮಗ್ಗುಲು ಮಾದರಿಯ ಕಡೆಗಿದ್ದರೆ ಬಯಲು ಕಪ್ಪಾಗುವುದೇ ಇಲ್ಲ. ಮಗುಚಿ ಇಟ್ಟು ನೋಡಿ, ಇಲ್ಲವೇ ಲೀನಿಯರ್ ಹಾಳೆಯನ್ನೇ ಕೇಳಿ ತನ್ನಿ. ಎರಡನೆಯ ತಪ್ಪು, ಪ್ಲಾಸ್ಟಿಕ್ ಪೆಟ್ರಿ ತಟ್ಟೆ ಅಥವಾ ಪ್ಲಾಸ್ಟಿಕ್ ಸ್ಲೈಡ್ ಬಳಸುವುದು. ಅಚ್ಚು ಹಾಕುವಾಗ ಅದರೊಳಗೆ ಉಳಿದ ಒತ್ತಡವೇ ಬಣ್ಣಬಣ್ಣವಾಗಿ ಹೊಳೆಯುತ್ತದೆ, ಅದನ್ನೇ ಹರಳು ಅಂದುಕೊಂಡು ಚಿತ್ರ ಬರೆದು ತರುತ್ತಾರೆ. ಗಾಜೇ ಆಗಬೇಕು.

ಮೊದಲ ಐದು ನಿಮಿಷ ಅಡುಗೆ ಉಪ್ಪು ಮತ್ತು ಸಕ್ಕರೆ. ಎರಡರ ಒಂದೊಂದು ಚಿಟಿಕೆ ಒಂದೇ ಸ್ಲೈಡಿನಲ್ಲಿ. ಪೋಲರಾಯ್ಡ್ ಅಡ್ಡವಾದ ಕ್ಷಣ ಉಪ್ಪು ಮಾಯ, ಸಕ್ಕರೆ ಮಾತ್ರ ಬೆಳಗುತ್ತದೆ. ಉಪ್ಪಿನ ಘನಾಕೃತಿಯ ಜಾಲರಿಯಲ್ಲಿ ಬೆಳಕಿಗೆ ಎಲ್ಲ ದಿಕ್ಕೂ ಒಂದೇ. ಸಕ್ಕರೆಯಲ್ಲಿ ಹಾಗಲ್ಲ. ಹರಳಿನ ಏಳು ವ್ಯವಸ್ಥೆಗಳನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಆ ಪಾಠಕ್ಕೊಂದು ಉಪಯೋಗ ಉಂಟೆಂದು ಆಗ ತಿಳಿಯುತ್ತದೆ.

ಇನ್ನು ಸಮುದ್ರದ ನೀರು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪು ಮಾಡಿ ಕಾನೂನು ಮುರಿದ ಜಿಲ್ಲೆ ಇದು. ಗೋಕರ್ಣದ ಪಕ್ಕ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಆಗರದಲ್ಲಿ ನೀರು ಒಂದು ಪಾತಿಯಿಂದ ಇನ್ನೊಂದಕ್ಕೆ ಯಾಕೆ ಸಾಗುತ್ತದೆ ಎಂಬುದರಲ್ಲಿ ಪದವಿ ತರಗತಿಯ ದ್ರಾವ್ಯತೆಯ ಗುಣಲಬ್ಧ ಪೂರ್ತಿ ಅಡಗಿದೆ. ಸಮುದ್ರದ ನೀರನ್ನು ಆರಿಸುತ್ತ ಹೋದರೆ ಮೊದಲು ಕ್ಯಾಲ್ಸಿಯಂ ಕಾರ್ಬೊನೇಟ್, ಗಾತ್ರ ಸುಮಾರು ಐದನೇ ಒಂದಕ್ಕೆ ಇಳಿದಾಗ ಜಿಪ್ಸಮ್, ಹತ್ತನೇ ಒಂದಕ್ಕೆ ಇಳಿದಾಗ ಅಡುಗೆ ಉಪ್ಪು, ಕೊನೆಗೆ ಉಪ್ಪು ಇಳಿದ ಮೇಲೆ ಉಳಿಯುವ ಕಹಿನೀರಿನಲ್ಲಿ ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಲವಣ. ಈ ಕ್ರಮವನ್ನು ಮೈಕ್ರೊಸ್ಕೋಪಿನಲ್ಲಿ ಹಿಡಿಯಬೇಕು.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ನದೀಮುಖದಿಂದ ದೂರ, ಒಂದು ಲೀಟರ್ ಸಮುದ್ರದ ನೀರು ತನ್ನಿ. ಕಾಳಿ ನದಿ ಸೇರುವ ಜಾಗದಲ್ಲಿ ತುಂಬಿದರೆ ಲೆಕ್ಕ ತಪ್ಪುತ್ತದೆ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಫಿಲ್ಟರ್ ಕಾಗದದಲ್ಲಿ ಸೋಸಿ, ಅಗಲವಾದ ಗಾಜಿನ ಅಥವಾ ಪ್ಲಾಸ್ಟಿಕ್ ತಟ್ಟೆಯಲ್ಲಿ ಬಿಸಿಲಿಗಿಡಿ. ಲೋಹದ ತಟ್ಟೆ ಬೇಡ, ತುಕ್ಕು ಇಳಿಯುತ್ತದೆ. ರಾತ್ರಿ ಇಬ್ಬನಿ ಬೀಳದಂತೆ ಮುಚ್ಚಿ. ಅವಸರಕ್ಕೆ ವಾಟರ್ ಬಾತ್ ಮೇಲೆ ಇಡೋಣ ಅನ್ನಿಸುತ್ತದೆ, ಇಡಬೇಡಿ. ಶಾಖ ಏರಿದರೆ ಎರಡು ಅಣು ನೀರಿರುವ ಜಿಪ್ಸಮ್ ಬದಲು ಅರ್ಧ ಅಣುವಿನದೋ ನೀರೇ ಇಲ್ಲದ್ದೋ ಸಲ್ಫೇಟ್ ಬರುವ ಸಂಭವವಿದೆ, ಆಗ ನೀವು ಹುಡುಕುವ ಸೂಜಿಯೇ ಸಿಗುವುದಿಲ್ಲ. ಬಿಸಿಲೇ ಸರಿ.

ಗಾತ್ರ 500, 200, 150, 100 ಮಿಲಿಲೀಟರಿಗೆ ಇಳಿದಾಗ ತಳವನ್ನು ಕಲಕಿ ಒಂದೊಂದು ಮಿಲಿಲೀಟರ್ ತೆಗೆದು ಬಾಟಲಿಯಲ್ಲಿ ಮುಚ್ಚಿಡಿ. ಒಂದು ಲೀಟರಿನಿಂದ ಬರಬಹುದಾದ ಜಿಪ್ಸಮ್ ಹೆಚ್ಚೆಂದರೆ ಒಂದು ಮುಕ್ಕಾಲು ಗ್ರಾಂ, ಉಪ್ಪು ಇಪ್ಪತ್ತೇಳು ಗ್ರಾಂ ಆಸುಪಾಸು. ಹಾಗಾಗಿ ಜಿಪ್ಸಮ್ ಹಂತವನ್ನು ತಪ್ಪಿಸಿಕೊಂಡರೆ ಆಮೇಲೆ ಉಪ್ಪಿನ ರಾಶಿಯಲ್ಲಿ ಅದನ್ನು ಹುಡುಕಬೇಕಾಗುತ್ತದೆ. ಹನಿಯನ್ನು ಅದರ ತಾಯಿದ್ರಾವಣದಲ್ಲೇ, ಅಂದರೆ ಹರಳು ಹುಟ್ಟಿದ ಅದೇ ನೀರಿನಲ್ಲೇ, ಸ್ಲೈಡಿಗೆ ಹಾಕಿ, ಕವರ್‌ಸ್ಲಿಪ್ ಮುಚ್ಚಿ, ಅಂಚಿಗೆ ವ್ಯಾಸಲೀನ್ ಸವರಿ. ಅಂಚು ಮುಚ್ಚದಿದ್ದರೆ ಏನಾಗುತ್ತದೆ? ನೋಡುತ್ತಿರುವಾಗಲೇ ಹನಿ ಒಣಗಿ, ಎಲ್ಲ ಲವಣವೂ ಅಂಚಿನಲ್ಲಿ ಉಂಗುರದಂತೆ ಒಟ್ಟಿಗೆ ಹರಳಾಗಿ, ಮೂರು ದಿನ ಕಾದ ಕ್ರಮ ಮೂರು ನಿಮಿಷದಲ್ಲಿ ಕಲಸಿಹೋಗುತ್ತದೆ. ಅಡ್ಡ ಪೋಲರಾಯ್ಡಿನಲ್ಲಿ ಜಿಪ್ಸಮ್ ಸೂಜಿಗಳು ಹೊಳೆಯುತ್ತವೆ, ಸ್ಲೈಡನ್ನು ಒಂದು ಸುತ್ತು ತಿರುಗಿಸಿದರೆ ಪ್ರತಿ ಸೂಜಿಯೂ ನಾಲ್ಕು ಸಲ ಆರುತ್ತದೆ. ಉಪ್ಪಿನ ಚೌಕಗಳು ಯಾವ ಕೋನದಲ್ಲೂ ಬೆಳಗುವುದಿಲ್ಲ.

ಕಣ್ಣು ಹೇಳಿದ್ದನ್ನು ಪರೀಕ್ಷಾನಳಿಕೆಯೂ ಹೇಳಬೇಕು. 150 ಮಿಲಿಲೀಟರಿನ ಹಂತದಲ್ಲಿ ತಳಕ್ಕೆ ಇಳಿದ ಪುಡಿಯನ್ನು ಸೋಸಿ, ಅರ್ಧ ನೀರು ಅರ್ಧ ಆಲ್ಕೋಹಾಲಿನಿಂದ ತೊಳೆಯಿರಿ. ಬರೀ ನೀರಿನಲ್ಲಿ ತೊಳೆದರೆ ಜಿಪ್ಸಮ್ಮೂ ಸ್ವಲ್ಪ ಕರಗಿ ಹೋಗುತ್ತದೆ, ಲೀಟರಿಗೆ ಎರಡು ಗ್ರಾಮಿಗಿಂತ ತುಸು ಹೆಚ್ಚು. ತೊಳೆದದ್ದನ್ನು ಸಾರರಿಕ್ತ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಸಲ್ಫೇಟ್ ಇದೆಯೇ ಎಂದು ನೋಡಲು ಬೇರಿಯಂ ಕ್ಲೋರೈಡ್ ಹಾಕಿ. ಸೆಮಿಮೈಕ್ರೊ ವಿಶ್ಲೇಷಣೆಯಲ್ಲಿ ಮಾಡುವುದನ್ನೇ ಮಾಡುತ್ತಿದ್ದೇವೆ. ವ್ಯತ್ಯಾಸ ಇಷ್ಟೇ, ಇಲ್ಲಿ ವಿದ್ಯಾರ್ಥಿಗೆ ಉತ್ತರ ಮೊದಲೇ ಅಂದಾಜಾಗಿದೆ, ಪರೀಕ್ಷೆ ಅದನ್ನು ಒಪ್ಪಬೇಕು ಇಲ್ಲವೇ ತಿರಸ್ಕರಿಸಬೇಕು.

ಮಳೆಗಾಲದಲ್ಲಿ ಇದೇ ಪ್ರಯೋಗ ಇಟ್ಟರೆ "ಸರ್, ಹರಳೇ ಬರ್ತಿಲ್ಲ" ಎಂಬ ದೂರು ಬರುತ್ತದೆ. ಬರುವುದಿಲ್ಲ, ಬರಬಾರದು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 75 ದಾಟಿದರೆ ಅಡುಗೆ ಉಪ್ಪು ಗಾಳಿಯ ನೀರನ್ನು ಹೀರಿ ತಾನೇ ಕರಗುತ್ತದೆ. ಜುಲೈ ತಿಂಗಳಲ್ಲಿ ನಮ್ಮ ಕರಾವಳಿಯ ಗಾಳಿ ಅದಕ್ಕಿಂತ ಎಷ್ಟೋ ಮೇಲೆ ಇರುತ್ತದೆ. ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುವುದೂ ಇದೇ ಕಾರಣಕ್ಕೆ. ಇದನ್ನು ಸೋಲು ಅಂತ ಬರೆಸದೆ ಪ್ರಯೋಗವಾಗಿ ಮಾಡಿ. 25 ಡಿಗ್ರಿಯಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಶೇಕಡಾ 33ಕ್ಕೇ ಕರಗಲು ಶುರು, ಸೋಡಿಯಂ ಕ್ಲೋರೈಡ್ 75ಕ್ಕೆ, ಪೊಟ್ಯಾಸಿಯಂ ಕ್ಲೋರೈಡ್ 84ಕ್ಕೆ, ಪೊಟ್ಯಾಸಿಯಂ ನೈಟ್ರೇಟ್ 90 ದಾಟಿದ ಮೇಲೆ. ನಾಲ್ಕರ ಒಂದೊಂದು ಕಣವನ್ನು ಸ್ಲೈಡಿನ ತುಂಡಿನ ಮೇಲಿಟ್ಟು, ಗಾಜಿನ ಪೆಟ್ರಿ ತಟ್ಟೆಯೊಳಗೆ ಎರಡು ಗಾಜಿನ ಕಡ್ಡಿಗಳ ಮೇಲೆ ಕೂರಿಸಿ. ತಳದ ಒಂದು ಬದಿಗೆ ಪೊಟ್ಯಾಸಿಯಂ ಕ್ಲೋರೈಡಿನ ಸಂತೃಪ್ತ ದ್ರಾವಣ, ಕರಗದ ಲವಣವೂ ಸ್ವಲ್ಪ ಅದರಲ್ಲಿರಲಿ. ಮುಚ್ಚಳ ಹಾಕಿ 4 ಪಟ್ಟಿನ ಲೆನ್ಸಿನಲ್ಲಿ ಮೇಲಿನಿಂದ ನೋಡುತ್ತಿರಿ. ಒಳಗಿನ ಗಾಳಿ ನಿಧಾನಕ್ಕೆ ಶೇಕಡಾ 84ಕ್ಕೆ ಬಂದು ನಿಲ್ಲುತ್ತದೆ. ಮೆಗ್ನೀಸಿಯಂ ಕ್ಲೋರೈಡ್ ಬೇಗನೆ ಹನಿಯಾಗುತ್ತದೆ, ಉಪ್ಪಿನ ಚೌಕದ ಮೂಲೆಗಳು ಮೊದಲು ದುಂಡಗಾಗಿ ಆಮೇಲೆ ಪೂರ್ತಿ ಕರಗುತ್ತದೆ, ನೈಟ್ರೇಟ್ ಹಾಗೇ ಇರುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ಏನಾಗಬೇಕು ಎಂಬುದನ್ನು ಮಕ್ಕಳೇ ಊಹಿಸಿ ಬರೆಯಲಿ. ರೌಲ್ಟನ ನಿಯಮ ಪಾಠ ಮಾಡಿದ ವಾರವೇ ಇದನ್ನಿಟ್ಟರೆ ಸಂತೃಪ್ತ ದ್ರಾವಣದ ಆವಿಯೊತ್ತಡ ಎಂದರೇನು ಎಂದು ಎರಡನೇ ಸಲ ಹೇಳಬೇಕಾಗುವುದಿಲ್ಲ.

ಪೋಲರಾಯ್ಡ್ ಕೈಕೊಡುವ ಜಾಗವೂ ಇದೆ. ಸೋಡಿಯಂ ಕ್ಲೋರೈಡ್ ಮತ್ತು ಪೊಟ್ಯಾಸಿಯಂ ಕ್ಲೋರೈಡ್ ಎರಡೂ ಘನಾಕೃತಿ, ಎರಡೂ ಬಣ್ಣವಿಲ್ಲದವು, ಅಡ್ಡ ಪೋಲರಾಯ್ಡಿನಲ್ಲಿ ಎರಡೂ ಕತ್ತಲೆ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂನ ಉಪ್ಪಿನಲ್ಲಿ ಈ ಎರಡೂ ಬೆರೆತಿರುತ್ತವೆ. ಯಾವ ಕಣ ಯಾವುದು? ಉತ್ತರ ಲವಂಗದ ಎಣ್ಣೆಯಲ್ಲಿದೆ. ಅದರ ವಕ್ರೀಭವನ ಸೂಚ್ಯಂಕ 1.53ರ ಆಸುಪಾಸು. ಸೋಡಿಯಂ ಕ್ಲೋರೈಡಿನದು 1.544, ಪೊಟ್ಯಾಸಿಯಂ ಕ್ಲೋರೈಡಿನದು 1.490. ಎಣ್ಣೆ ಎರಡರ ನಡುವೆ ಕೂತಿದೆ. ಉಪ್ಪನ್ನು ಎಣ್ಣೆಯಲ್ಲಿ ಹಾಕಿ ಕವರ್‌ಸ್ಲಿಪ್ ಮುಚ್ಚಿ, ಪೋಲರಾಯ್ಡ್ ತೆಗೆದು, ಕಂಡೆನ್ಸರಿನ ಡಯಾಫ್ರಮ್ಮನ್ನು ಚೆನ್ನಾಗಿ ಕಿರಿದು ಮಾಡಿ. ಕಣದ ಅಂಚಿಗೆ ತೆಳು ಬೆಳ್ಳಿಗೆರೆಯಂತೆ ಬೆಳಕಿನ ಗೆರೆ ಕಾಣುತ್ತದೆ, ಇದಕ್ಕೆ ಬೆಕೆ ಗೆರೆ ಎನ್ನುತ್ತಾರೆ. ಈಗ ಸ್ಟೇಜನ್ನು ನಿಧಾನಕ್ಕೆ ಕೆಳಗಿಳಿಸಿ. ಸೂಚ್ಯಂಕ ಹೆಚ್ಚಿರುವ ಕಡೆಗೆ ಗೆರೆ ಸರಿಯುತ್ತದೆ. ಸೋಡಿಯಂ ಕ್ಲೋರೈಡಿನಲ್ಲಿ ಒಳಕ್ಕೆ, ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಹೊರಕ್ಕೆ ಎಣ್ಣೆಯ ಕಡೆಗೆ.

ತಪ್ಪುವುದು ಎಲ್ಲಿ ಎಂದರೆ, ಡಯಾಫ್ರಮ್ ಪೂರ್ತಿ ತೆರೆದಿದ್ದರೆ ಗೆರೆಯೇ ಕಾಣುವುದಿಲ್ಲ. ಇನ್ನು ಅಂಗಡಿಯ ಲವಂಗದ ಎಣ್ಣೆಗೆ ಬೇರೆ ಎಣ್ಣೆ ಬೆರೆಸಿದ್ದರೆ ಸೂಚ್ಯಂಕ ಇಳಿದುಬಿಡುತ್ತದೆ. ಭೌತ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಅಬೆ ರಿಫ್ರಾಕ್ಟೊಮೀಟರ್ ಇದ್ದೇ ಇರುತ್ತದೆ, ಎಣ್ಣೆಯನ್ನು ಮೊದಲು ಅದರಲ್ಲಿ ಅಳೆಸಿ. ತೆಂಗಿನೆಣ್ಣೆಯಲ್ಲಿ ಯಾಕೆ ಈ ಪ್ರಯೋಗ ಆಗುವುದಿಲ್ಲ ಎಂಬುದನ್ನೂ ಕೇಳಿ. ಅದರ ಸೂಚ್ಯಂಕ 1.45ರ ಹತ್ತಿರ, ಎರಡೂ ಲವಣಗಳಿಗಿಂತ ಕಡಿಮೆ, ಹಾಗಾಗಿ ಎರಡರಲ್ಲೂ ಗೆರೆ ಒಳಕ್ಕೇ ಹೋಗುತ್ತದೆ.

ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದ ಪ್ರಯೋಗ ಕ್ಯಾಲ್ಸಿಯಂ ಕಾರ್ಬೊನೇಟಿನದು. 0.1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ 5 ಮಿಲಿಲೀಟರ್, ಅಷ್ಟೇ ಸಾಂದ್ರತೆಯ ಸೋಡಿಯಂ ಕಾರ್ಬೊನೇಟ್ 5 ಮಿಲಿಲೀಟರ್, ಕೋಣೆಯ ಉಷ್ಣತೆಯಲ್ಲಿ ಕಲಕುತ್ತ ಬೆರೆಸಿ. ಒಂದನೇ ನಿಮಿಷ, ಹತ್ತನೇ ನಿಮಿಷ, ಒಂದು ಗಂಟೆ, ಮರುದಿನ, ಹೀಗೆ ಒಂದೊಂದು ಹನಿ ನೋಡಿ. ಮೊದಲು ಆಕಾರವಿಲ್ಲದ ಮೋಡ. ಆಮೇಲೆ ಕೆಲವೇ ಮೈಕ್ರಾನಿನ ಪುಟ್ಟ ಗುಂಡುಗಳು, ಅಡ್ಡ ಪೋಲರಾಯ್ಡಿನಲ್ಲಿ ಪ್ರತಿ ಗುಂಡಿನ ಮೇಲೂ ಕಪ್ಪು ಶಿಲುಬೆ. ಇದು ವ್ಯಾಟರೈಟ್. ಅದರ ಜೊತೆಗೆ ಓರೆಯಾದ ಚೌಕಗಳು, ಅವು ಕ್ಯಾಲ್ಸೈಟ್. ಮರುದಿನಕ್ಕೆ ಗುಂಡುಗಳೆಲ್ಲ ಕರಗಿ ಚೌಕಗಳು ಬೆಳೆದಿರುತ್ತವೆ. ಒಂದೇ ಸೂತ್ರ, ಒಂದೇ ಬೀಕರು, ಆದರೂ ಘನರೂಪ ಬದಲಾಯಿತು. ಕಡಿಮೆ ಸ್ಥಿರವಾದ ರೂಪವೇ ಮೊದಲು ಬರುತ್ತದೆ ಎಂದು ಓಸ್ಟ್‌ವಾಲ್ಡ್ 1897ರಲ್ಲಿ ಹೇಳಿದ್ದು ಇದನ್ನೇ. ಎರಡೂ ದ್ರಾವಣಗಳನ್ನು 80 ಡಿಗ್ರಿಗೆ ಕಾಯಿಸಿ ಬೆರೆಸಿದರೆ ಮೂರನೆಯ ರೂಪ, ಅರಗೊನೈಟ್, ಸೂಜಿಗಳ ಕಟ್ಟಾಗಿ ಬರುತ್ತದೆ. ಇಲ್ಲಿ ಕೆಡುವುದು ಬಹುತೇಕ ಒಂದೇ ಕಾರಣಕ್ಕೆ: ಬೆಳಿಗ್ಗೆಯ ಬ್ಯಾಚು ಮಾಡಿದ ಮಾದರಿಯನ್ನು ಮಧ್ಯಾಹ್ನದ ಬ್ಯಾಚು ನೋಡುತ್ತದೆ, ಅಷ್ಟರಲ್ಲಿ ಗುಂಡುಗಳು ಚೌಕವಾಗಿರುತ್ತವೆ. ಇಟ್ಟುಕೊಳ್ಳಬೇಕಾದ ಮಾದರಿಯನ್ನು ತಕ್ಷಣ ಸೋಸಿ ಎಥೆನಾಲಿನಲ್ಲಿ ಎರಡು ಸಲ ತೊಳೆದು ಒಣಗಿಸಿ. ನೀರು ಹೋದರೆ ಬದಲಾವಣೆ ನಿಂತಂತೆ.

ಇದು ಅಘನಾಶಿನಿಯ ಅಳಿವೆಗೂ ತಾಗುವ ಮಾತು. ಅಲ್ಲಿ ಹೆಕ್ಕುವ ಬಳಚಿನ ಚಿಪ್ಪು ಅರಗೊನೈಟ್. ಬಂಡೆಗೆ ಅಂಟಿ ಬೆಳೆಯುವ ಆಯ್ಸ್ಟರಿನ ಚಿಪ್ಪು ಬಹುಪಾಲು ಕ್ಯಾಲ್ಸೈಟ್. ಒಂದೇ ನೀರಿನಲ್ಲಿ ಬದುಕುವ ಎರಡು ಜೀವಿಗಳು ಒಂದೇ ಸಂಯುಕ್ತದ ಎರಡು ರೂಪಗಳನ್ನು ಕಟ್ಟುತ್ತವೆ. ಎರಡನ್ನೂ ತೊಳೆದು, ಒಣಗಿಸಿ, ಖಲ್ಲಿನಲ್ಲಿ ಪುಡಿ ಮಾಡಿದರೆ ಆಕಾರವೆಲ್ಲ ಒಡೆದುಹೋಗುವುದರಿಂದ ಮೈಕ್ರೊಸ್ಕೋಪು ಒಂದೇ ಸಾಲದು. ಇದ್ದಿಲಿನ ಪರೀಕ್ಷೆಗೆಂದು ನಿಮ್ಮಲ್ಲಿ ಕೋಬಾಲ್ಟ್ ನೈಟ್ರೇಟ್ ಇರುತ್ತದಲ್ಲ, ಅದರ ಶೇಕಡಾ ಹತ್ತರ ದ್ರಾವಣದಲ್ಲಿ ಪುಡಿಯನ್ನು ಹತ್ತು ಹದಿನೈದು ನಿಮಿಷ ಕುದಿಸಿ. ಅರಗೊನೈಟ್ ನೇರಳೆಗೆ ತಿರುಗುತ್ತದೆ, ಕ್ಯಾಲ್ಸೈಟ್ ಹೆಚ್ಚುಕಡಿಮೆ ಬಿಳಿಯಾಗಿಯೇ ಉಳಿಯುತ್ತದೆ. ತೊಳೆದು ಸ್ಲೈಡಿಗೆ ಹಾಕಿದರೆ ಕಣ ಕಣವನ್ನೂ ಎಣಿಸಬಹುದು. ಕೋಬಾಲ್ಟಿನ ನೀರನ್ನು ಸಿಂಕಿಗೆ ಬಿಡಬೇಡಿ, ಬೇರೆ ಬಾಟಲಿಯಲ್ಲಿ ಕೂಡಿಡಿ. ಕಾರ್ಬೊನೇಟಿನ ಗುಳ್ಳೆಗಳನ್ನು ಮೈಕ್ರೊಸ್ಕೋಪಿನಲ್ಲಿ ತೋರಿಸಬೇಕಾದರೆ ಹೈಡ್ರೊಕ್ಲೋರಿಕ್ ಆಮ್ಲ ಬೇಡ, ಸಾರರಿಕ್ತ ಅಸಿಟಿಕ್ ಆಮ್ಲ ಸಾಕು. ಹೈಡ್ರೊಕ್ಲೋರಿಕ್ ಆಮ್ಲದ ಹೊಗೆ ಲೆನ್ಸಿನ ಲೋಹವನ್ನು ತಿನ್ನುತ್ತದೆ.

ಸಾವಯವ ರಸಾಯನಶಾಸ್ತ್ರಕ್ಕೆ ಬಂದರೆ ಶಿರಸಿಯ ಕಾಳುಮೆಣಸಿದೆ. ಪೈಪರೀನ್ ತೆಗೆಯುವುದು ಅನೇಕ ಕಡೆ ಈಗಾಗಲೇ ಪಠ್ಯದಲ್ಲಿರುವುದರಿಂದ ವಿವರಕ್ಕೆ ಹೋಗುವುದಿಲ್ಲ. ಆಲ್ಕೋಹಾಲಿನ ಪೊಟ್ಯಾಷ್ ಹಾಕಿದ ಮೇಲೆ ಹೆಚ್ಚು ಹೊತ್ತು ಕಾಯಿಸಬೇಡಿ, ಪೈಪರೀನೇ ಒಡೆದು ಪೈಪರಿಕ್ ಆಮ್ಲವಾಗುತ್ತದೆ. ಸಿಕ್ಕಿದ ಹಳದಿ ಹರಳನ್ನು ಬಿಸಿ ಎಥೆನಾಲಿನಲ್ಲಿ ಕರಗಿಸಿ ಒಂದು ಭಾಗವನ್ನು ಐಸಿನಲ್ಲಿ, ಒಂದು ಭಾಗವನ್ನು ಬೆಂಚಿನ ಮೇಲೆ ತಣಿಸಿ. ಎರಡನ್ನೂ ಮೈಕ್ರೊಸ್ಕೋಪಿನಲ್ಲಿ ನೋಡಿ, ಎರಡರ ಕರಗುವ ಬಿಂದುವನ್ನೂ ತೆಗೆಯಿರಿ. ಶುದ್ಧ ಪೈಪರೀನ್ 128ರಿಂದ 130 ಡಿಗ್ರಿ. ಅವಸರದಲ್ಲಿ ಹುಟ್ಟಿದ ಸಣ್ಣ ಹರಳುಗಳ ನಡುವೆ ಸಿಕ್ಕಿಕೊಂಡ ಅಂಟು ಕಣ್ಣಿಗೂ ಕಾಣುತ್ತದೆ, ಥರ್ಮಾಮೀಟರಿನಲ್ಲೂ ಕಾಣುತ್ತದೆ.

ಕರಗುವ ಬಿಂದುವಿನ ಮಾತು ಬಂತು, ಒಂದು ಅಡ್ಡಮಾತು ಹೇಳಿಬಿಡುತ್ತೇನೆ. 1888ರಲ್ಲಿ ರೈನಿಟ್ಜರ್ ಎಂಬ ಸಸ್ಯಶಾಸ್ತ್ರಜ್ಞರಿಗೆ ಕೊಲೆಸ್ಟರಿಲ್ ಬೆಂಜೊಯೇಟಿನಲ್ಲಿ ಎರಡು ಕರಗುವ ಬಿಂದು ಕಂಡವು. 145.5 ಡಿಗ್ರಿಯಲ್ಲಿ ಮಬ್ಬು ದ್ರವ, 178.5ರಲ್ಲಿ ತಿಳಿ ದ್ರವ. ಕಾಯಿಸುವ ಸ್ಟೇಜ್ ಇದ್ದ ಪೋಲರೈಸಿಂಗ್ ಮೈಕ್ರೊಸ್ಕೋಪ್ ಭೌತವಿಜ್ಞಾನಿ ಲೇಮನ್ ಅವರಲ್ಲಿತ್ತು, ಅದರಿಂದ ದ್ರವಸ್ಫಟಿಕದ, ಅಂದರೆ ದ್ರವದಂತೆ ಹರಿದರೂ ಅಣುಗಳು ಹರಳಿನಂತೆ ಸಾಲುಗೂಡಿರುವ ವಸ್ತುವಿನ, ವಿಜ್ಞಾನ ಹುಟ್ಟಿತು. 1977ರಲ್ಲಿ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂದು ತೋರಿಸಿದರು. ನಮ್ಮ ರಾಜ್ಯದಲ್ಲೇ ಆದ ಕೆಲಸ ಇದು, ನಮ್ಮ ಮಕ್ಕಳಿಗೆ ಗೊತ್ತಿರಬೇಕು. ಕ್ಯಾಪಿಲರಿ ನಳಿಕೆಯಲ್ಲಿ ಮಬ್ಬು ಎಂದಷ್ಟೇ ಕಾಣುವುದು ಅಡ್ಡ ಪೋಲರಾಯ್ಡಿನಲ್ಲಿ ಬಣ್ಣದ ವಿನ್ಯಾಸವಾಗಿ ಕಾಣುತ್ತದೆ.

ಇನ್ನು ಅಳತೆ. ಇಲ್ಲಿ ಪಟ್ಟು ಸಡಿಲಿಸಬೇಡಿ. ಸ್ಕೇಲ್ ಗೆರೆ ಇಲ್ಲದ ಚಿತ್ರಕ್ಕೆ ಅಂಕ ಇಲ್ಲ ಎಂದು ಮೊದಲ ದಿನವೇ ಹೇಳಿ. ಸ್ಟೇಜ್ ಮೈಕ್ರೊಮೀಟರಿನಲ್ಲಿ ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿರುತ್ತಾರೆ, ಒಂದು ಮನೆ 10 ಮೈಕ್ರಾನ್. ಮಕ್ಕಳು ಮೊಬೈಲಿನಲ್ಲಿ ಚಿತ್ರ ತೆಗೆಯಲಿ, ಅಡ್ಡಿಯಿಲ್ಲ. ಆದರೆ ಅದೇ ಮೊಬೈಲ್, ಅದೇ ಜೂಮ್, ಅದೇ ಲೆನ್ಸಿನಲ್ಲಿ ಮೈಕ್ರೊಮೀಟರಿನ ಚಿತ್ರವೂ ಬೇಕು. ಬೆರಳಿನಲ್ಲಿ ಜೂಮ್ ಎಳೆದರೆ ಅಳತೆ ಸತ್ತಂತೆ. ಇಮೇಜ್‌ಜೆ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಆ ಚಿತ್ರದಿಂದ ಸ್ಕೇಲ್ ಕೂರಿಸಿದರೆ ಉಳಿದ ಚಿತ್ರಗಳಲ್ಲಿ ಕಣಗಳನ್ನು ಅಳೆಯಬಹುದು. ಸ್ಟೇಜ್ ಮೈಕ್ರೊಮೀಟರ್ ಇಲ್ಲವೇ? ಹಳೆಯ ಖಾಲಿ ಸಿಡಿ ಒಂದನ್ನು ಹುಡುಕಿ, ಲೇಬಲಿನ ಕಡೆ ಗೀರಿ ಗಟ್ಟಿ ಟೇಪ್ ಅಂಟಿಸಿ ಕಿತ್ತರೆ ಬೆಳ್ಳಿಯ ಪದರ ಬರುತ್ತದೆ. ಉಳಿದ ಪಾರದರ್ಶಕ ತುಂಡಿನಲ್ಲಿ ಗೆರೆಯಿಂದ ಗೆರೆಗೆ 1.6 ಮೈಕ್ರಾನ್. ಗೆರೆಯ ಮುಖ ಮೇಲಿರಲಿ, 40 ಪಟ್ಟಿನ ಲೆನ್ಸಿನಲ್ಲಿ ಬಿಡಿಬಿಡಿಯಾಗಿ ಕಾಣುತ್ತದೆ. 10 ಪಟ್ಟಿನದರಲ್ಲಿ ಕಷ್ಟ, ಅಬೆಯ ಲೆಕ್ಕದಲ್ಲಿ ಬಂದ 1.1 ಮೈಕ್ರಾನಿನ ಮಿತಿಗೆ ಇದು ತೀರ ಹತ್ತಿರ.

ಎಣಿಕೆಯಲ್ಲಿ ಒಂದು ಕೆಟ್ಟ ಚಾಳಿ ಸೇರಿಕೊಳ್ಳುತ್ತದೆ. ವಿದ್ಯಾರ್ಥಿ ಚೆಂದದ ಹರಳನ್ನೇ ಹುಡುಕಿ ಅಳೆಯುತ್ತಾನೆ, ಸರಾಸರಿ ದೊಡ್ಡದಾಗುತ್ತದೆ. ಅದಕ್ಕೆ ಕವರ್‌ಸ್ಲಿಪ್ಪಿನ ನಡುವೆ ಒಂದು, ನಾಲ್ಕು ಮೂಲೆಯ ಹತ್ತಿರ ಒಂದೊಂದು, ಹೀಗೆ ಐದು ಜಾಗಗಳನ್ನು ನೋಡುವ ಮೊದಲೇ ಗೊತ್ತುಮಾಡಿ. ಆ ಬಯಲಿನಲ್ಲಿ ಬಿದ್ದ ಎಲ್ಲ ಕಣವನ್ನೂ ಅಳೆಯಬೇಕು, ಒಟ್ಟು ನೂರಕ್ಕೆ ಕಡಿಮೆ ಇಲ್ಲದಂತೆ.

ಇಷ್ಟಾದ ಮೇಲೆ ಎಸ್‌ಇಎಂ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಹೊರಗಿನವರ ಮಾದರಿಗಳಿಗೂ ತೆರೆದ ಉಪಕರಣ ಕೇಂದ್ರ ಇದೆ. ದೇಶದ ಬೇರೆ ಕೇಂದ್ರಗಳನ್ನು ಐ-ಸ್ಟೆಮ್ ಜಾಲತಾಣದಲ್ಲಿ ಹುಡುಕಿ ಕಾಯ್ದಿರಿಸಬಹುದು. ಯಾವ ಯಂತ್ರ ಯಾವ ತಿಂಗಳು ಲಭ್ಯ, ಶುಲ್ಕವೆಷ್ಟು ಎಂಬುದನ್ನು ಅಲ್ಲೇ ಕೇಳಿಕೊಳ್ಳಿ. ನಾನು ಹೇಳಬೇಕಾದದ್ದು ಏನನ್ನು ಕಳಿಸಬೇಕು, ಹೇಗೆ ಕಳಿಸಬೇಕು ಎಂಬುದು.

ಪ್ರಶ್ನೆ ಹೀಗಿರಲಿ: ವ್ಯಾಟರೈಟಿನ ಗುಂಡು ಬೆಳಕಿನಲ್ಲಿ ನಯವಾದ ಚೆಂಡಿನಂತೆ ಕಾಣುತ್ತದೆ, ಅದು ಒಂದೇ ಹರಳೇ, ನೂರಾರು ಚೂರುಗಳ ಗುಂಪೇ? ಶಿಲುಬೆ ಕಂಡದ್ದರಿಂದ ಗುಂಪು ಇರಬೇಕು ಎಂದು ವಿದ್ಯಾರ್ಥಿ ಊಹಿಸಿ, ಆ ಊಹೆಯನ್ನು ಬರೆದು ಸಹಿ ಹಾಕಿ, ಆಮೇಲೆ ಮಾದರಿ ಕಳಿಸಲಿ. ಮಾದರಿ ಪೂರ್ತಿ ಒಣಗಿರಬೇಕು, ಯಂತ್ರದೊಳಗೆ ನಿರ್ವಾತ. ಕೆಲವೇ ಮಿಲಿಗ್ರಾಂ ಸಾಕು. ಕಾರ್ಬನ್ ಟೇಪಿನ ಮೇಲೆ ತೆಳ್ಳಗೆ ಉದುರಿಸಿ, ಅಂಟದ್ದನ್ನು ಊದಿ ತೆಗೆಯುತ್ತಾರೆ. ರಾಶಿ ಹಾಕಿದರೆ ವಿದ್ಯುದಂಶ ಹರಿದುಹೋಗಲು ದಾರಿಯಿಲ್ಲದೆ ಚಿತ್ರ ಬೆಳ್ಳಗೆ ಸುಟ್ಟಂತಾಗುತ್ತದೆ. ವಿದ್ಯುತ್ ಹರಿಯದ ಪುಡಿಗಳಿಗೆ ಅದಕ್ಕೇ ಚಿನ್ನದ ತೆಳು ಲೇಪ ಕೊಡುವುದು.

ಈ ಚಿನ್ನದ ವಿಷಯದಲ್ಲಿ ಎಚ್ಚರ ಬೇಕು. ಆಗರದ ಸೂಜಿಗಳಲ್ಲಿ ಗಂಧಕ ಇದೆಯೇ ಎಂದು ಎಕ್ಸ್‌ರೇ ರೋಹಿತದಲ್ಲಿ ನೋಡಬೇಕೆಂದಿದ್ದರೆ ಚಿನ್ನದ ಲೇಪ ಬೇಡವೆಂದು ಅರ್ಜಿಯಲ್ಲೇ ಬರೆಯಿರಿ. ಚಿನ್ನದ ಒಂದು ಗೆರೆ 2.12 ಕಿಲೊ ಎಲೆಕ್ಟ್ರಾನ್ ವೋಲ್ಟಿನಲ್ಲಿದೆ, ಗಂಧಕದ್ದು 2.31ರಲ್ಲಿ. ಎರಡೂ ಒಂದರ ಮೇಲೊಂದು ಕೂತು, ಇಲ್ಲದ ಗಂಧಕ ಇದ್ದಂತೆಯೂ ಇರುವ ಗಂಧಕ ಮುಚ್ಚಿಹೋದಂತೆಯೂ ಆಗುತ್ತದೆ. ಅಲ್ಲಿಗೆ ಕಾರ್ಬನ್ ಲೇಪ ಕೇಳಿ. ಕಾರ್ಬೊನೇಟಿನ ಕಾರ್ಬನ್ ಅಳೆಯಬೇಕೆಂದಿದ್ದರೆ ಮಾತ್ರ ಕಾರ್ಬನ್ ಲೇಪ ಆಗದು. ಜಿಪ್ಸಮ್ ನಿರ್ವಾತದಲ್ಲಿ, ಕಿರಣದ ಕೆಳಗೆ ತನ್ನ ನೀರನ್ನು ಕಳೆದುಕೊಳ್ಳಬಹುದು. ಸೂಜಿಯ ಮೈಮೇಲೆ ಬಿರುಕು ಕಂಡರೆ ಅದು ಆಗರದಲ್ಲಿ ಬಿದ್ದದ್ದೋ ಯಂತ್ರದಲ್ಲಿ ಬಿದ್ದದ್ದೋ ಎಂದು ಕೇಳುವ ಅಭ್ಯಾಸ ಬರಲಿ. ಉಪ್ಪಿನ ಮಾದರಿಯನ್ನು ಕರಾವಳಿಯಿಂದ ಘಟ್ಟ ಹತ್ತಿಸುವಾಗ ಪುಟ್ಟ ಗಾಜಿನ ಬಾಟಲಿಯಲ್ಲಿ ಹಾಕಿ, ಬಾಟಲಿಯನ್ನು ಸಿಲಿಕಾ ಜೆಲ್ ಇರುವ ಡಬ್ಬಿಯೊಳಗಿಟ್ಟು ಮುಚ್ಚಳಕ್ಕೆ ಟೇಪ್ ಸುತ್ತಿ. ಬಂದ ಚಿತ್ರಗಳ ಮೂಲ ಕಡತವನ್ನೇ ಮಕ್ಕಳಿಗೆ ಕೊಡಿ, ವಾಟ್ಸಾಪಿನಲ್ಲಿ ಕುಗ್ಗಿದ ಪ್ರತಿ ಬೇಡ. ಎಷ್ಟು ವೋಲ್ಟೇಜು, ಎಷ್ಟು ವರ್ಧನೆ ಎಂಬುದು ಚಿತ್ರದ ಕೆಳಗಿನ ಪಟ್ಟಿಯಲ್ಲೇ ಇರುತ್ತದೆ, ಅದನ್ನು ಓದಲು ಕಲಿಸಿ.

ಎಎಫ್‌ಎಂ (ಅಟಾಮಿಕ್ ಫೋರ್ಸ್ ಮೈಕ್ರೊಸ್ಕೋಪ್, ಸೂಕ್ಷ್ಮ ಮೊನೆಯಿಂದ ಮೇಲ್ಮೈಯನ್ನು ತಡವಿ ಅಳೆಯುವ ಯಂತ್ರ) ಬಗ್ಗೆ ಎರಡೇ ಮಾತು. ಯಂತ್ರ ಕೈಗೆ ಸಿಗದಿದ್ದರೂ ಅದರ ದತ್ತಾಂಶ ಸಿಕ್ಕರೆ ಗ್ವಿಡಿಯನ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಮಕ್ಕಳೇ ಬಿಡಿಸಬಹುದು. ಮೊನೆಯ ಅಗಲ ಕಣದ ಅಗಲಕ್ಕೆ ಸೇರಿಕೊಳ್ಳುವುದರಿಂದ ನ್ಯಾನೊ ಕಣದ ಅಗಲವನ್ನು ನಂಬಬೇಡಿ, ಎತ್ತರವನ್ನು ಅಳೆಯಿರಿ.

ಕೊನೆಗೆ, ನಮ್ಮ ಹವೆಯಲ್ಲಿ ಮೈಕ್ರೊಸ್ಕೋಪನ್ನು ಉಳಿಸಿಕೊಳ್ಳುವ ಬಗೆ. ಗುಣಾತ್ಮಕ ವಿಶ್ಲೇಷಣೆ ನಡೆಯುವ ಕೋಣೆಯಲ್ಲಿ ಇಡಬೇಡಿ, ಆಮ್ಲದ ಹೊಗೆ ಮತ್ತು ಉಪ್ಪುಗಾಳಿ ಸೇರಿದರೆ ಸ್ಟೇಜಿನ ತಿರುಪುಗಳು ಹಿಡಿದುಕೊಳ್ಳುತ್ತವೆ. ತೆರೆದ ಹನಿಯನ್ನು 4 ಮತ್ತು 10 ಪಟ್ಟಿನ ಲೆನ್ಸಿನಲ್ಲೇ ನೋಡಬೇಕು. 40 ಪಟ್ಟಿನದು ಮಾದರಿಗೆ ಅರ್ಧ ಮಿಲಿಮೀಟರಿನಷ್ಟು ಹತ್ತಿರ ಬರುತ್ತದೆ, ಕವರ್‌ಸ್ಲಿಪ್ ಇಲ್ಲದಿದ್ದರೆ ಉಪ್ಪುನೀರಿನಲ್ಲಿ ಅದ್ದಿಬಿಡುತ್ತದೆ. ಅದ್ದಿದರೆ ಆ ಕ್ಷಣವೇ ಶುದ್ಧ ನೀರು ತಾಗಿಸಿದ ಲೆನ್ಸ್ ಕಾಗದದಿಂದ ಒರೆಸಿ, ಒಣಗಿದ ಮೇಲೆ ಒರೆಸಿದರೆ ಉಪ್ಪಿನ ಹರಳು ಗೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಐಪೀಸು, ಲೆನ್ಸುಗಳನ್ನು ಬಿಚ್ಚಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಡಿ. ಬಿಚ್ಚಿದ ತೂತುಗಳಿಗೆ ಮುಚ್ಚಳ ಹಾಕಿ. ಮರದ ಪೆಟ್ಟಿಗೆ, ಚರ್ಮದ ಚೀಲ ಬೇಡ, ಬೂಷ್ಟು ಅಲ್ಲಿಂದಲೇ ಲೆನ್ಸಿಗೆ ಹತ್ತುವುದು. ಹದಿನೈದು ದಿನಕ್ಕೊಮ್ಮೆ ಜೆಲ್ಲಿನ ಬಣ್ಣ ನೋಡಿ. ನೀಲಿಯದು ಗುಲಾಬಿಯಾಗಿದ್ದರೆ, ಕಿತ್ತಳೆಯದು ಹಸಿರಾಗಿದ್ದರೆ 110ರಿಂದ 120 ಡಿಗ್ರಿ ಓವನ್ನಿನಲ್ಲಿ ಎರಡು ಮೂರು ಗಂಟೆ ಇಟ್ಟು, ಡೆಸಿಕೇಟರಿನಲ್ಲಿ ತಣಿಸಿ, ಮತ್ತೆ ಡಬ್ಬಿಗೆ ಹಾಕಿ. ಬಿಸಿಬಿಸಿಯಾಗಿ ಲೆನ್ಸಿನ ಪಕ್ಕ ಇಡಬೇಡಿ.